ಐದು ಮುಗಿಸಿದ ಹುಡುಗನಿಗೆ ಆರಕ್ಕೆ ತಯಾರಿ: ಬೇಡ ಎಂದವರಿಗೆ ಉತ್ತರ

ಐದನೇ ಕ್ಲಾಸು ಮುಗಿಸಿದ ಗಂಡುಹುಡುಗರ ಜೊತೆ ಮನೆಯವರು ಏಪ್ರಿಲ್-ಮೇ ರಜೆಯಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಕೂತು, ಜೂನ್‌ನಲ್ಲಿ ಶುರುವಾಗುವ ಆರನೇ ಕ್ಲಾಸಿಗೆ ಅವರನ್ನು ಅಣಿಮಾಡಬೇಕು ಎಂದು ಹೊಸಪೇಟೆ ಕಡೆಯ ನಮ್ಮ ಗಾದಿಗನೂರಿನಲ್ಲೂ ಸುತ್ತಲಿನ ಊರು, ತಾಂಡಾಗಳಲ್ಲೂ ಹೇಳುತ್ತ ಬಂದಿದ್ದೇನೆ. ಇದಕ್ಕೆ ಬಂದ ವಿರೋಧ ಕಡಿಮೆಯೇನಲ್ಲ. ಕಟ್ಟೆಯ ಮೇಲೆ ಕೂತ ಹಿರಿಯರು ಬೇಡ ಎಂದರು. ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ, ಸದಸ್ಯರಲ್ಲಿ ಕೆಲವರು ತಲೆಯಾಡಿಸಿದರು. ನನ್ನ ಜೊತೆ ಪಾಠ ಹೇಳಿದ ಶಿಕ್ಷಕರೂ ಒಪ್ಪಲಿಲ್ಲ. ಇವರ್ಯಾರೂ ಮಕ್ಕಳಿಗೆ ಕೇಡು ಬಯಸುವವರಲ್ಲ, ನಾಳೆಯೂ ನಾನು ಇವರ ಜೊತೆಯೇ ಬದುಕಬೇಕು. ಆದ್ದರಿಂದ ಅವರ ಮಾತನ್ನು ಒಂದೊಂದಾಗಿ ತೆಗೆದುಕೊಂಡು ಉತ್ತರ ಕೊಡುತ್ತೇನೆ.

ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಬಂದ ಮಾತು ಇದು: "ಐದಾದ ಮ್ಯಾಲೆ ಆರು. ಅದೇ ಸಾಲಿ, ಅದೇ ಗೆಳೆಯರು. ಅದಕ್ಕೆಂಥ ತಯಾರಿ ಸಾರ್?"

ಹೀಗೆ ಕೇಳಿದ ಹಿರಿಯರಿಗೇ ಅವರ ಅಪ್ಪ, ಅಜ್ಜಂದಿರ ಕಾಲವನ್ನು ನೆನಪಿಸುತ್ತೇನೆ. ಬಳ್ಳಾರಿ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಆಗ ಇಂದಿನ ಆರನೇ ಕ್ಲಾಸು ಫಸ್ಟ್ ಫಾರಂ. ಐದು ಮುಗಿಸಿ ಫಸ್ಟ್ ಫಾರಂಗೆ ಸೇರುವುದೆಂದರೆ ಬೇರೆಯೇ ಒಂದು ಬಾಗಿಲು ದಾಟುವುದು ಎಂದು ಆ ತಲೆಮಾರಿಗೆ ಚೆನ್ನಾಗಿ ಗೊತ್ತಿತ್ತು. ಈಗ ಬಾಗಿಲು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಒಂದರಿಂದ ಏಳೋ ಎಂಟೋ ಒಂದೇ ಕಾಂಪೌಂಡಿನಲ್ಲಿ ನಡೆಯುವ ಶಾಲೆಯಲ್ಲಿ ಹುಡುಗ ಒಂದು ಕೋಣೆಯಿಂದ ಪಕ್ಕದ ಕೋಣೆಗೆ ಹೋಗುತ್ತಾನೆ, ನಾವು ಏನೂ ಬದಲಾಗಲಿಲ್ಲ ಅಂದುಕೊಳ್ಳುತ್ತೇವೆ.

ಏನೇನು ಬದಲಾಗುತ್ತದೆ ಎಂಬುದು ಸರ್ಕಾರದ ಕಾಗದದಲ್ಲೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಓದಿ ನೋಡಿ. ಐದನೇ ತರಗತಿಯವರೆಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ. ಆರರಿಂದ 220 ದಿನ, 1,000 ಗಂಟೆ. ಅಂದರೆ ಒಂದೇ ಬೇಸಿಗೆ ರಜೆ ಕಳೆದು ಬರುವಷ್ಟರಲ್ಲಿ ಹತ್ತು-ಹನ್ನೊಂದರ ಹುಡುಗನ ಮೇಲೆ ಇನ್ನೂರು ಗಂಟೆಯ ಓದು ಹೆಚ್ಚಿಗೆ ಬೀಳುತ್ತದೆ. ಬಿಸಿಯೂಟದ ಲೆಕ್ಕವೂ ಹಾಗೇ. ಐದರವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 450 ಕ್ಯಾಲೊರಿ ಎಂದಿದ್ದದ್ದು ಆರಕ್ಕೆ ಬಂದಾಗ 150 ಗ್ರಾಂ, 700 ಕ್ಯಾಲೊರಿ ಆಗುತ್ತದೆ. ಬ್ಯಾಗಿನ ತೂಕಕ್ಕೆ 2019ರಲ್ಲಿ ರಾಜ್ಯ ಸರ್ಕಾರ ಮಿತಿ ಹಾಕಿತಲ್ಲ, ಅದರಲ್ಲೂ ಮೂರರಿಂದ ಐದಕ್ಕೆ 2-3 ಕೆ.ಜಿ., ಆರರಿಂದ ಎಂಟಕ್ಕೆ 3-4 ಕೆ.ಜಿ. ಹುಡುಗ ಬದಲಾಗುತ್ತಾನೆ ಎಂಬುದು ಅಕ್ಕಿ ಅಳೆಯುವವರಿಗೂ ಗೊತ್ತಿದೆ. ಮನೆಯಲ್ಲಿರುವ ನಮಗೆ ಮಾತ್ರ ಗೊತ್ತಿಲ್ಲ ಎಂದರೆ ಹೇಗೆ?

ಇದಕ್ಕಿಂತ ದೊಡ್ಡ ಬದಲಾವಣೆ ಮೇಷ್ಟ್ರದ್ದು. ಮೂರನೇ ಕ್ಲಾಸಿನವರೆಗೆ ನಲಿ-ಕಲಿಯಲ್ಲಿ ಹುಡುಗ ಗುಂಪಿನಲ್ಲಿ ಕೂತು, ಕಾರ್ಡು ಹಿಡಿದು, ತನ್ನ ವೇಗಕ್ಕೆ ತಕ್ಕಂತೆ ಮೆಟ್ಟಿಲು ಹತ್ತಿದ್ದಾನೆ. ನಾಲ್ಕು-ಐದರಲ್ಲೂ ಹೆಚ್ಚಾಗಿ ಒಬ್ಬರೋ ಇಬ್ಬರೋ ಟೀಚರು. ಅವರಿಗೆ ಇವನ ಅವ್ವನ ಹೆಸರು ಗೊತ್ತು, ಇವನು ಗುರುವಾರ ಯಾಕೆ ಬರಲಿಲ್ಲ ಎಂಬುದೂ ಗೊತ್ತು. ಆರರಿಂದ ವಿಜ್ಞಾನ-ಗಣಿತಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗೆ ಒಬ್ಬರು ಇರಬೇಕು ಎಂದು ಕಾಯ್ದೆ ಹೇಳುತ್ತದೆ. ಅದು ಒಳ್ಳೆಯದೇ. ಆದರೆ ಹುಡುಗನ ಕಡೆಯಿಂದ ನೋಡಿದರೆ, ಪೂರ್ತಿ ತನ್ನನ್ನು ಬಲ್ಲ ಒಬ್ಬರು ಹೋಗಿ, ಮುಕ್ಕಾಲು ಗಂಟೆ ಬಂದು ಹೋಗುವ ನಾಲ್ಕೈದು ಜನ ಬಂದಿದ್ದಾರೆ. ಪರಿಸರ ಅಧ್ಯಯನ ಎಂಬ ಒಂದು ಪುಸ್ತಕ ಹೋಗಿ ವಿಜ್ಞಾನ, ಸಮಾಜ ವಿಜ್ಞಾನ ಎಂದು ಎರಡಾಗಿದೆ. ಹಿಂದಿ ಹೊಸದಾಗಿ ಬಂದಿದೆ. ತಾಂಡಾದ ಹುಡುಗನ ಮನೆಮಾತು ಲಂಬಾಣಿ. ಅವನಿಗೆ ಕನ್ನಡವೇ ಎರಡನೆಯದು, ಇಂಗ್ಲಿಷು ಮೂರನೆಯದು, ಈಗ ಹಿಂದಿ ನಾಲ್ಕನೆಯದು.

ಜೂನ್ ತಿಂಗಳಲ್ಲಿ ಆರನೇ ಕ್ಲಾಸಿನ ಕೊನೆಯ ಬೆಂಚಿನ ಹತ್ತಿರ ಹೋಗಿ ಒಂದು ನೋಟುಬುಕ್ಕು ತೆರೆದು ನೋಡಿ. ವೇಳಾಪಟ್ಟಿ ಬರೆದುಕೊಳ್ಳಲು ಬಾರದ ಹುಡುಗ ಎಲ್ಲ ಪುಸ್ತಕವನ್ನೂ ದಿನಾ ಹೊತ್ತು ತರುತ್ತಾನೆ, ಬರೆಯುವುದು ಮಾತ್ರ ಒಂದೇ ನೋಟಿನಲ್ಲಿ. ಬೋರ್ಡಿನ ಮೇಲಿನ ಗಣಿತವನ್ನು ಅಕ್ಷರ ಅಕ್ಷರ ನೋಡಿ ಇಳಿಸಿಕೊಳ್ಳುತ್ತಿರುವಾಗಲೇ ಬೆಲ್ಲು ಹೊಡೆಯುತ್ತದೆ, ಸಾರು ಬೋರ್ಡು ಒರೆಸಿ ಹೋಗುತ್ತಾರೆ, ಮುಂದಿನವರು ಬಂದು ಹಿಂದಿ ಸ್ವರಾಕ್ಷರ ಬರೆಯುತ್ತಾರೆ. ಅರ್ಧ ಭಾಗಾಕಾರದ ಕೆಳಗೆ ಹಿಂದಿ ಅಕ್ಷರ, ಅದರ ಕೆಳಗೆ ಹೂವಿನ ಭಾಗಗಳು. ಆಗಸ್ಟಿನ ಹೊತ್ತಿಗೆ ಆ ನೋಟು ಯಾರ ಉಪಯೋಗಕ್ಕೂ ಬರುವುದಿಲ್ಲ, ಹುಡುಗನಿಗೂ ಅದು ಗೊತ್ತಾಗುತ್ತದೆ. ಗೊತ್ತಾದ ಮೇಲೆ ವಾರಕ್ಕೊಂದು ದಿನ ಹೊಟ್ಟೆನೋವು ಶುರುವಾಗುತ್ತದೆ. ಇವನು ದಡ್ಡನಲ್ಲ. ವಿಷಯಕ್ಕೊಂದು ನೋಟು, ರಾತ್ರಿಯೇ ವೇಳಾಪಟ್ಟಿ ನೋಡಿ ಬ್ಯಾಗು ಜೋಡಿಸಿಕೊಳ್ಳುವುದು, ಬರೆಯುವುದು ಉಳಿದರೆ ಪಕ್ಕದವನ ನೋಟು ಕೇಳಿ ತುಂಬಿಸಿಕೊಳ್ಳುವುದು, ಇಷ್ಟನ್ನು ಯಾರೂ ಕೂತು ಹೇಳಿಕೊಟ್ಟಿಲ್ಲ. ಮೇ ತಿಂಗಳ ನಾಲ್ಕು ಸಂಜೆಯಲ್ಲಿ ಹೇಳಿಕೊಡಬಹುದಾದ ಕೆಲಸ ಇದು.

ಇನ್ನು "ಅದೇ ಶಾಲೆ" ಎಂಬ ಮಾತೂ ಎಲ್ಲರಿಗೂ ಸಲ್ಲುವುದಿಲ್ಲ. ಸಣ್ಣ ಊರು, ತಾಂಡಾಗಳ ಕಿರಿಯ ಪ್ರಾಥಮಿಕ ಶಾಲೆ ಐದಕ್ಕೇ ಮುಗಿಯುತ್ತದೆ. ಕಾಯ್ದೆಯ ಮಾದರಿ ನಿಯಮದ ಪ್ರಕಾರ ಐದರವರೆಗೆ ಶಾಲೆ 1 ಕಿ.ಮೀ. ಒಳಗೆ ಇದ್ದರೆ, ಆರರಿಂದ 3 ಕಿ.ಮೀ.ವರೆಗೂ ಇರಬಹುದು. ನಮ್ಮ ಕಡೆ ಆ ಮೂರು ಕಿಲೋಮೀಟರಿನಲ್ಲಿ ಏನಿದೆ? ಹೊಸಪೇಟೆ-ಬಳ್ಳಾರಿ ಹೆದ್ದಾರಿ ಇದೆ, ಅದಿರು ಹೊತ್ತ ಟಿಪ್ಪರು ಇದೆ, ತೋರಣಗಲ್ಲಿನ ಕಾರ್ಖಾನೆಯ ಕಡೆಗೆ ಹೋಗುವ ಗೂಡ್ಸ್ ಗಾಡಿಗಳ ರೈಲುಹಳಿ ಇದೆ. ಸರ್ಕಾರದ ಸೈಕಲ್ ಯೋಜನೆ 2006-07ರಲ್ಲಿ ಶುರುವಾದಾಗಲೂ ಅದು ಎಂಟನೇ ಕ್ಲಾಸಿನವರಿಗೆ. ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್ 11ರಿಂದ, ಅಕ್ಕ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಹೋಗುತ್ತಾಳೆ, ತಮ್ಮನಿಗೆ ವಿದ್ಯಾರ್ಥಿ ಪಾಸು ಮಾಡಿಸಬೇಕು. ಪಾಸು ಬರುವವರೆಗೆ ಅವನು ಯಾರ ಬೈಕಿಗೆ ಕೈ ಅಡ್ಡ ಹಿಡಿಯುತ್ತಾನೆ ಎಂದು ಯೋಚಿಸಿದ್ದೀರಾ? ಶಾಲೆ ಶುರುವಾಗುವ ಮೊದಲೇ ಅಪ್ಪನೋ ಚಿಕ್ಕಪ್ಪನೋ ಆ ದಾರಿಯಲ್ಲಿ ಅವನ ಜೊತೆ ನಡೆದು, ಹೆದ್ದಾರಿ ಎಲ್ಲಿ ದಾಟಬೇಕು, ಎಲ್ಲಿ ದಾಟಬಾರದು ಎಂದು ಕೈಹಿಡಿದು ತೋರಿಸುವುದು ಅತಿ ಮುದ್ದಲ್ಲ.

ಎರಡನೆಯ ಮಾತು ನನ್ನ ವೃತ್ತಿಯವರದು. "ಜೂನ್‌ನಲ್ಲಿ ಸೇತುಬಂಧ ಮಾಡುತ್ತೇವೆ. ಮನೆಯವರು ತಲೆಹಾಕಿದರೆ ಗೊಂದಲವೇ ಜಾಸ್ತಿ." ಸೇತುಬಂಧವನ್ನು ನಾನೂ ಮಾಡಿಸಿದ್ದೇನೆ, ಅದರ ಮೇಲೆ ನನಗೆ ಗೌರವವಿದೆ. ಹಿಂದಿನ ತರಗತಿಯ ಕಲಿಕೆಯಲ್ಲಿ ಯಾವುದು ಉಳಿದಿದೆ, ಯಾವುದು ಜಾರಿದೆ ಎಂದು ಅದು ತೋರಿಸುತ್ತದೆ. ಆದರೆ ಜಾರಿದ್ದು ಎಷ್ಟಿದೆ ಎಂಬುದನ್ನೂ ಒಪ್ಪಿಕೊಳ್ಳೋಣ. ಐದನೇ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಎರಡನೇ ತರಗತಿಯ ಪಾಠ ಸರಾಗವಾಗಿ ಓದಲು ಬರುವುದಿಲ್ಲ ಎಂದು ಅಸರ್ ಸಮೀಕ್ಷೆಗಳು ನಮ್ಮ ರಾಜ್ಯದ ಹಳ್ಳಿಗಳ ಬಗ್ಗೆ ಹೇಳುತ್ತಲೇ ಬಂದಿವೆ. ಇದನ್ನು ಜೂನ್‌ನ ಕೆಲವು ದಿನಗಳಲ್ಲಿ ಶಾಲೆಯೊಂದೇ ತುಂಬಿಸಲಾಗದು. ಒಂದೂವರೆ ತಿಂಗಳ ರಜೆಯಲ್ಲಿ ಮನೆಯಲ್ಲಿ ದಿನಕ್ಕೊಂದು ಪುಟ ಗಟ್ಟಿಯಾಗಿ ಓದಿಸಿದರೆ ನಿಮ್ಮ ಸೇತುಬಂಧಕ್ಕೇ ಬಲ ಬರುತ್ತದೆ. ಜೊತೆಗೆ, ಹುಡುಗನಿಗೆ ಬೋರ್ಡು ಮಸುಕಾಗಿ ಕಾಣುತ್ತಿದೆ ಎಂಬುದನ್ನು ಯಾವ ಸೇತುಬಂಧದ ಪ್ರಶ್ನೆಪತ್ರಿಕೆಯೂ ಹೇಳುವುದಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರಿನ ತಾರೀಕನ್ನು ಅಂಗಳದಿಂದ ಓದಿಸಿ ನೋಡಿ. ಕಣ್ಣು ಕಿರಿದು ಮಾಡಿದರೆ ಹೊಸಪೇಟೆಯ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮೂರನೆಯವರು ತಯಾರಿಯನ್ನು ವಿರೋಧಿಸುವುದಿಲ್ಲ, ತಾವು ಆಗಲೇ ಮಾಡಿಬಿಟ್ಟಿದ್ದೇವೆ ಎನ್ನುತ್ತಾರೆ. "ನವೋದಯ ಕೋಚಿಂಗಿಗೆ ಹಾಕೀವಿ. ಮೊರಾರ್ಜಿ ವಸತಿ ಶಾಲೆಗೂ ಅರ್ಜಿ ಹಾಕೀವಿ. ಇನ್ನೇನು ತಯಾರಿ?" ಇವರ ಕಷ್ಟ ನನಗೆ ಅರ್ಥವಾಗುತ್ತದೆ. ಕೂಡ್ಲಿಗಿ ತಾಲ್ಲೂಕಿನ ಚಿಕ್ಕಜೋಗಿಹಳ್ಳಿಯ ನವೋದಯ ವಿದ್ಯಾಲಯದಲ್ಲಿ ಓದಿ ಮೇಲೆ ಬಂದ ಬಡವರ ಮಕ್ಕಳನ್ನು ನಮ್ಮ ಜಿಲ್ಲೆ ಕಂಡಿದೆ. ನವೋದಯದ ಸೀಟುಗಳಲ್ಲಿ ಕನಿಷ್ಠ ಶೇ. 75 ಹಳ್ಳಿ ಮಕ್ಕಳಿಗೆ ಮೀಸಲು, ಆಸೆಪಡುವುದು ನ್ಯಾಯವೇ. ಆದರೆ ಒಂದು ನವೋದಯದಲ್ಲಿ ಆರನೇ ಕ್ಲಾಸಿಗೆ ಹೆಚ್ಚೆಂದರೆ 80 ಸೀಟು. ಪರೀಕ್ಷೆ ಎರಡು ಗಂಟೆಯದು, 80 ಪ್ರಶ್ನೆ. ಅದರಲ್ಲಿ 40 ಮಾನಸಿಕ ಸಾಮರ್ಥ್ಯದ್ದು, 20 ಗಣಿತ, 20 ಭಾಷೆ. ಜೀವಮಾನದಲ್ಲಿ ಒಂದೇ ಸಲ ಬರೆಯಲು ಅವಕಾಶ. ಕೂತವರಲ್ಲಿ ಬಹುಪಾಲು ಹುಡುಗರು ಸಿಗದೆ ವಾಪಸ್ಸು ಬರುತ್ತಾರೆ, ಹಾಗೆ ಬಂದವರು ಸೇರುವುದು ಊರಿನ ಆರನೇ ಕ್ಲಾಸಿಗೇ. ಆ ಹುಡುಗರ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ. ವರ್ಷವಿಡೀ ಆಕೃತಿ ಹೊಂದಿಸುವ ಲೆಕ್ಕ ಮಾಡಿ, ಐದನೇ ಕ್ಲಾಸಿನ ಭಿನ್ನರಾಶಿ ಬಿಟ್ಟು, ಕಡೆಗೆ ಹತ್ತು ವರ್ಷಕ್ಕೇ "ಫೇಲಾದವನು" ಎಂಬ ಹೆಸರು ಹೊತ್ತು ಜೂನ್‌ನಲ್ಲಿ ಬಂದು ಕೂರುತ್ತಾರೆ. ಅರ್ಜಿ ಹಾಕಿದ ದಿನವೇ ಹುಡುಗನಿಗೆ ಹೇಳಿ: "ಸಿಕ್ಕರೆ ಸಂತೋಷ, ಸಿಗದಿದ್ದರೆ ಇಲ್ಲೇ ಓದ್ತಿ, ನಾವು ಜೊತೆಗಿರ್ತೀವಿ." ಈ ಮಾತು ಫಲಿತಾಂಶ ಬಂದ ಮೇಲೆ ಹೇಳಿದರೆ ಬರೀ ಸಮಾಧಾನ, ಮೊದಲೇ ಹೇಳಿದರೆ ನಂಬುತ್ತಾನೆ.

ಸಿಕ್ಕವನಿಗೂ ತಯಾರಿ ಬೇಡವೇ? ಅವನು ಹೋಗುವುದು ಹಾಸ್ಟೆಲಿಗೆ. ಅಲ್ಲಿ ತನ್ನ ಚಡ್ಡಿ, ಬನಿಯನನ್ನು ತಾನೇ ಒಗೆಯಬೇಕು, ಸೋಪು ತೀರುವ ಮುಂಚೆ ಹೇಳಬೇಕು, ಜ್ವರ ಬಂದರೆ ಸುಮ್ಮನೆ ಮಲಗದೆ ವಾರ್ಡನ್ನರಿಗೆ ತಿಳಿಸಬೇಕು, ರಾತ್ರಿ ಅವ್ವನ ನೆನಪಾಗಿ ಅಳು ಬಂದರೆ ಅದು ತನಗೊಬ್ಬನಿಗೇ ಅಲ್ಲ ಎಂದು ತಿಳಿದಿರಬೇಕು. ಇವನ್ನು ಕಲಿಸುವ ಕೋಚಿಂಗ್ ಸೆಂಟರನ್ನು ನಾನು ಕಂಡಿಲ್ಲ.

ಪರೀಕ್ಷೆಯ ಮಾತು ಬಂದದ್ದಕ್ಕೆ ಇದನ್ನೂ ಹೇಳುತ್ತೇನೆ: ಐದನೇ ತರಗತಿಗೆ ಬೋರ್ಡ್ ಮಾದರಿಯ ಪರೀಕ್ಷೆ ಬೇಕೇ ಬೇಡವೇ ಎಂದು 2023ರಲ್ಲೂ 2024ರಲ್ಲೂ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ವಾದ ನಡೆಯಿತು. ಒಂದು ದಿನ ರದ್ದು, ಮರುದಿನ ತಡೆ, ಪರೀಕ್ಷೆ ಶುರುವಾಗಿ ನಡುವೆ ನಿಂತದ್ದೂ ಆಯಿತು. ಅಷ್ಟೆಲ್ಲ ಗದ್ದಲದಲ್ಲಿ ಹುಡುಗರು ಆರಕ್ಕೆ ಹೇಗೆ ಹೋಗುತ್ತಾರೆ ಎಂಬುದರ ಬಗ್ಗೆ ನಮ್ಮ ಊರುಗಳಲ್ಲಿ ಒಂದು ಸಭೆಯೂ ಸೇರಲಿಲ್ಲ.

"ಕನ್ನಡ ಮೀಡಿಯಂ ಬಿಡಿಸಿ ಇಂಗ್ಲಿಷಿಗೆ ಹಾಕಿದರೆ ಸಾಕು" ಎನ್ನುವವರಿಗೆ ಉತ್ತರ ಚಿಕ್ಕದು. ಆದರ್ಶ ವಿದ್ಯಾಲಯದಂಥ ಕಡೆ ಆರರಿಂದಲೇ ಇಂಗ್ಲಿಷ್ ಮಾಧ್ಯಮ, ಹಾಕಬೇಡಿ ಎಂದು ನಾನು ಹೇಳುವುದಿಲ್ಲ. ತಂದೆತಾಯಿಯ ಆಯ್ಕೆಯ ಹಕ್ಕನ್ನು 2014ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿದಿದೆ. ಆದರೆ ಕನ್ನಡದಲ್ಲಿ ಒಂದು ಪುಟ ಓದಿ ಅರ್ಥ ಹೇಳಲು ಬಾರದ ಹುಡುಗನಿಗೆ ಇಂಗ್ಲಿಷಿನಲ್ಲಿ ಅರ್ಥ ಒದಗಿ ಬರುವುದಿಲ್ಲ. ಹಾಕುವುದೇ ಆದರೆ ರಜೆಯಲ್ಲಿ ಕನ್ನಡದ ಓದನ್ನು ಗಟ್ಟಿ ಮಾಡಿ, ಭಿನ್ನರಾಶಿಗೆ ಫ್ರ್ಯಾಕ್ಷನ್, ಗುಣಾಕಾರಕ್ಕೆ ಮಲ್ಟಿಪ್ಲಿಕೇಶನ್ ಎಂದು ತಿಳಿದಿರುವ ಲೆಕ್ಕದ ಮೇಲೆಯೇ ಹೊಸ ಹೆಸರುಗಳನ್ನು ಕೂರಿಸಿ. ಶಾಲೆ ಬದಲಾಯಿಸುವುದು ಒಂದು ದಿನದ ಕೆಲಸ, ಇದಕ್ಕೆ ರಜೆಯೆಲ್ಲ ಬೇಕು.

ಈಗ ನನಗೆ ಹೆಚ್ಚು ನೋವು ತಂದ ಮಾತಿಗೆ ಬರುತ್ತೇನೆ. "ಗಂಡುಹುಡ್ಗ ಸಾರ್. ತಾನೇ ಕಲಿತಾನ. ಹೆಣ್ಮಕ್ಕಳಿದ್ರೆ ಹೇಳ್ರಿ, ಕೂಡಿಸಿ ಮಾತಾಡೋಣ."

ಹೆಣ್ಣುಮಕ್ಕಳ ಬಗ್ಗೆ ಈಗೀಗ ನಾವು ಕೂಡಿಸಿ ಮಾತಾಡುತ್ತಿದ್ದೇವೆ, ಅದು ಎಷ್ಟೋ ಜನರ ಹೋರಾಟದಿಂದ ಬಂದದ್ದು, ಇನ್ನೂ ಹೆಚ್ಚಾಗಬೇಕು. ಅದಕ್ಕಾಗಿ ಗಂಡುಹುಡುಗನನ್ನು ಬಿಟ್ಟುಬಿಡಬೇಕೆಂದೇನೂ ಇಲ್ಲ. ಆರು, ಏಳು, ಎಂಟನೇ ಕ್ಲಾಸು ಅಂದರೆ ಹನ್ನೊಂದರಿಂದ ಹದಿನಾಲ್ಕು. ಅವನ ಮೈ ಬದಲಾಗುವುದು ಇದೇ ಮೂರು ವರ್ಷಗಳಲ್ಲಿ. ದನಿ ಒಡೆಯುತ್ತದೆ, ಬೆವರಿನ ವಾಸನೆ ಬರುತ್ತದೆ, ಮೈಯಲ್ಲಿ ಕೂದಲು ಮೂಡುತ್ತದೆ, ರಾತ್ರಿ ಚಡ್ಡಿ ಒದ್ದೆಯಾದರೆ ತನಗೆ ಏನೋ ರೋಗ ಬಂದಿದೆ ಎಂದು ಹೆದರುತ್ತಾನೆ. ಗೆಳೆಯರಲ್ಲಿ ಒಬ್ಬ ಆರರಲ್ಲೇ ಉದ್ದವಾದರೆ ಇನ್ನೊಬ್ಬ ಎಂಟರವರೆಗೂ ಚಿಕ್ಕವನಾಗಿಯೇ ಉಳಿಯುತ್ತಾನೆ, ಎರಡೂ ಸಹಜ. ಅಪ್ಪ ಇದನ್ನು ಹೇಳದಿದ್ದರೆ ಯಾರು ಹೇಳುತ್ತಾರೆ? ಶಾಲೆಯ ಹಿಂದಿನ ಗೋಡೆಯ ಹತ್ತಿರ ನಿಲ್ಲುವ ದೊಡ್ಡ ಹುಡುಗರು ಹೇಳುತ್ತಾರೆ. ಮೊಬೈಲು ಹೇಳುತ್ತದೆ. ಇಬ್ಬರೂ ಹೇಳುವುದು ತಪ್ಪೇ. ಹೊಲಕ್ಕೆ ನಡೆದು ಹೋಗುವಾಗ, ಮುಖ ನೋಡಿಕೊಳ್ಳದೆ ಅಕ್ಕಪಕ್ಕ ಹೆಜ್ಜೆ ಹಾಕುವಾಗ, "ತಮ್ಮಾ, ಇನ್ನು ಮೇಲೆ ಮೈ ಹಿಂಗ ಬದ್ಲಾಗ್ತತಿ, ನಂಗೂ ಆಗಿತ್ತು, ಹೆದರಬ್ಯಾಡ" ಎಂದರೆ ಮುಗಿಯಿತು. ಇಷ್ಟು ಹೇಳಲು ಅಪ್ಪಂದಿರಿಗೆ ಎಷ್ಟು ಸಂಕೋಚವೋ, ಕೇಳಿಸಿಕೊಂಡ ಹುಡುಗರ ಮುಖದಲ್ಲಿ ಅಷ್ಟೇ ನಿರಾಳ.

ಗಂಡುಹುಡುಗನಿಗೆ ಅಪಾಯವಿಲ್ಲ ಎಂಬ ನಂಬಿಕೆಯೂ ಸುಳ್ಳು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ ಮಕ್ಕಳನ್ನು ಮಾತಾಡಿಸಿ ಒಂದು ಅಧ್ಯಯನ ಪ್ರಕಟಿಸಿತು. ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದೇವೆ ಎಂದವರು ಶೇ. 53.22. ಅವರಲ್ಲಿ ಗಂಡುಮಕ್ಕಳು ಶೇ. 52.94. ಓದಿದಾಗ ನನಗೆ ಪುಸ್ತಕ ಮುಚ್ಚಿ ಹೊರಗೆ ಹೋಗಿ ನಿಲ್ಲಬೇಕಾಯಿತು. 2012ರ ಪೋಕ್ಸೊ ಕಾಯ್ದೆ ಹೆಣ್ಣು ಗಂಡು ಎಂದು ಭೇದ ಮಾಡದೆ ಹದಿನೆಂಟರೊಳಗಿನ ಎಲ್ಲ ಮಕ್ಕಳನ್ನೂ ಕಾಯುತ್ತದೆ. ಆದರೆ ಹುಡುಗ ಮನೆಗೆ ಬಂದು ಹೇಳಿದರೆ ತಾನೇ ಕಾಯ್ದೆ ಕೆಲಸಕ್ಕೆ ಬರುವುದು? "ಗಂಡಸಾಗಿ ಅಳ್ತೀಯೇನಲೇ" ಎಂದು ಐದು ವರ್ಷದಿಂದ ಕೇಳಿಸಿಕೊಂಡವನು ಹೇಳುವುದಿಲ್ಲ. ಯಾರಾದರೂ ಮುಟ್ಟಬಾರದ ಕಡೆ ಮುಟ್ಟಿದರೆ, ಬೈಕಿನಲ್ಲಿ ಕೂರಿಸಿಕೊಂಡು ಬೇರೆ ದಾರಿಗೆ ತಿರುಗಿಸಿದರೆ, ಅದು ಪರಿಚಯದವರೇ ಆಗಿರಲಿ, ಮನೆಗೆ ಬಂದು ಹೇಳಬೇಕು, ಹೇಳಿದರೆ ಬೈಯುವುದಿಲ್ಲ ಎಂದು ಅವನಿಗೆ ಮಾತು ಕೊಡಿ. 1098 ಎಂಬ ಮಕ್ಕಳ ಸಹಾಯವಾಣಿ ನಂಬರನ್ನು ನೋಟುಬುಕ್ಕಿನ ರಟ್ಟಿನ ಒಳಗೆ ಬರೆಸಿ. ಶಾಲೆಯಲ್ಲಿ ಹೊಡೆತ ಬಿದ್ದರೂ ಹಾಗೆಯೇ. ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ ಎಂದು ಹುಡುಗನಿಗೂ ಗೊತ್ತಿರಲಿ, ನಮಗೆ ಮೇಷ್ಟ್ರುಗಳಿಗೂ ನೆನಪಿರಲಿ.

ಗುಟ್ಕಾ ವಿಷಯ ಬೇರೆ ಹೇಳಬೇಕೇ? ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದು ಎಂದು 2003ರಲ್ಲೇ ಕಾನೂನಾಗಿದೆ. ನೂರಾ ಒಂದನೇ ಗಜದಲ್ಲಿ ಏನು ನೇತುಹಾಕಿದ್ದಾರೆ ಎಂದು ನೀವೇ ನೋಡಿದ್ದೀರಿ. ಅಪ್ಪ ಬಾಯಲ್ಲಿ ಇಟ್ಟುಕೊಂಡೇ ಮಗನಿಗೆ ಬೇಡ ಎಂದರೆ ನಡೆಯುವುದಿಲ್ಲ, ಇದನ್ನು ನಾನು ಕಠಿಣವಾಗಿಯೇ ಹೇಳುತ್ತೇನೆ.

"ರಜೆಯಲ್ಲಿ ನಾಲ್ಕು ಕಾಸು ದುಡಿಯೋದು ಕಲೀಲಿ" ಎನ್ನುವವರದು ಇನ್ನೊಂದು ವಾದ. ಮನೆಯ ಎಮ್ಮೆಗೆ ಮೇವು ಹಾಕುವುದು, ಹೊಲದಲ್ಲಿ ಅಪ್ಪನ ಜೊತೆ ನಿಲ್ಲುವುದು ಕಲಿಕೆಯೇ, ಅದಕ್ಕೆ ಅಡ್ಡಿಯಿಲ್ಲ. ಓದಿಗೆ ತೊಂದರೆಯಾಗದಂತೆ ಮನೆಯ ಕೆಲಸಕ್ಕೆ ಕೈಜೋಡಿಸುವುದನ್ನು 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯೂ ತಡೆಯುವುದಿಲ್ಲ. ಆದರೆ ಗ್ಯಾರೇಜಿಗೆ, ಡಾಬಾಕ್ಕೆ, ಲಾರಿ ಕ್ಲೀನರ್ ಕೆಲಸಕ್ಕೆ ಹದಿನಾಲ್ಕರೊಳಗಿನ ಹುಡುಗನನ್ನು ಕಳಿಸುವುದು ಅಪರಾಧ. ಅಪರಾಧದ ಮಾತು ಹಾಗಿರಲಿ, ನಮ್ಮ ಸೀಮೆಯ ಅನುಭವವನ್ನೇ ನೋಡಿ. ಚೀನಾಕ್ಕೆ ಅದಿರು ಹೋಗುತ್ತಿದ್ದ ಆ ವರ್ಷಗಳಲ್ಲಿ ಹೊಸಪೇಟೆ, ಸಂಡೂರು ಕಡೆ ದುಡ್ಡು ರಸ್ತೆಯ ಮೇಲೆ ಹರಿಯಿತು. ಓದಿ ಏನಾಗಬೇಕು ಎಂದು ಎಷ್ಟು ಹುಡುಗರು ಆರು, ಏಳಕ್ಕೇ ಶಾಲೆ ಬಿಟ್ಟು ಲಾರಿ ಹತ್ತಿದರು ಎಂಬುದು ಊರಿನ ನಡುವಯಸ್ಸಿನವರಿಗೆಲ್ಲ ನೆನಪಿದೆ. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ಸಾಲದ ಲಾರಿಗಳು ಮನೆಮುಂದೆ ನಿಂತವು. ಆ ಹುಡುಗರಿಗೆ ಕೆಲಸವೂ ಉಳಿಯಲಿಲ್ಲ, ಹಿಂದಕ್ಕೆ ಹೋಗಲು ತರಗತಿಯೂ ಇರಲಿಲ್ಲ. ಈಗ ಕಾರ್ಖಾನೆಯ ಕೆಲಸಕ್ಕೆ ಐಟಿಐ, ಡಿಪ್ಲೊಮಾ ಕೇಳುತ್ತಾರೆ. ಅದಕ್ಕೆ ಎಸ್ಸೆಸ್ಸೆಲ್ಸಿಯ ಗಣಿತ ಬೇಕು. ಆ ಗಣಿತದ ಬೇರು ಇರುವುದು ಆರನೇ ಕ್ಲಾಸಿನಲ್ಲಿ.

"ಮೊದಲೇ ಇಷ್ಟೆಲ್ಲ ಹೇಳಿದರೆ ಹುಡುಗ ಹೆದರಿಬಿಡುತ್ತಾನೆ" ಎಂದು ಒಬ್ಬ ತಾಯಿ ಕೇಳಿದರು. ಇದು ನಿಜವಾದ ಪ್ರಶ್ನೆ, ಹೇಗೆ ಹೇಳುತ್ತೇವೆ ಎಂಬುದರ ಮೇಲೆ ಉತ್ತರ ನಿಂತಿದೆ. 2019ರಲ್ಲಿ ಅಮೆರಿಕದಲ್ಲಿ ಜೆಫ್ರಿ ಬೋರ್ಮನ್ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. 11 ಮಿಡ್ಲ್ ಸ್ಕೂಲುಗಳಲ್ಲಿ ಆರನೇ ತರಗತಿಗೆ ಆಗಷ್ಟೇ ಸೇರಿದ 1,304 ಮಕ್ಕಳು ಅದರಲ್ಲಿದ್ದರು. ಅವರಲ್ಲಿ ಕೆಲವರಿಗೆ ಹಿಂದಿನ ವರ್ಷದ ಮಕ್ಕಳ ಅನುಭವ ಓದಲು ಕೊಟ್ಟರು: ಮೊದಮೊದಲು ನಮಗೂ ಗೆಳೆಯರು ಸಿಗುತ್ತಾರೋ ಇಲ್ಲವೋ ಎನಿಸಿತ್ತು, ಪಾಠ ಕಷ್ಟವೆನಿಸಿತ್ತು, ಆಮೇಲೆ ಸರಿಹೋಯಿತು, ಕೇಳಿದರೆ ದೊಡ್ಡವರು ನೆರವಾದರು ಎಂಬಂಥವು. ಓದಿ, ಅದರ ಬಗ್ಗೆ ತಾವೂ ನಾಲ್ಕು ಸಾಲು ಬರೆಯಬೇಕಿತ್ತು. ಆ ಮಕ್ಕಳ ಗೈರುಹಾಜರಿ ಕಡಿಮೆಯಾಯಿತು, ಜಗಳ-ಶಿಸ್ತಿನ ದೂರುಗಳು ಕಡಿಮೆಯಾದವು, ಫೇಲ್ ಆಗುವುದೂ ಕಡಿಮೆಯಾಯಿತು. ಕಷ್ಟವಿಲ್ಲ ಎಂದು ಸುಳ್ಳು ಹೇಳಲಿಲ್ಲ, ಕಷ್ಟ ಎಲ್ಲರಿಗೂ ಬರುತ್ತದೆ, ದಾಟಿಹೋಗುತ್ತದೆ ಎಂದು ಹೇಳಿದರು. ನಮ್ಮ ಊರಿನಲ್ಲಿ ಇದಕ್ಕೆ ಒಂದು ಪೈಸೆಯೂ ಬೇಡ. ಏಳು ಮುಗಿಸಿದ ಪಕ್ಕದ ಮನೆಯ ಹುಡುಗನನ್ನು ಒಂದು ಸಂಜೆ ಕರೆದು, "ಅಣ್ಣಾ, ಆರಕ್ಕೆ ಹೋದಾಗ ನಿಂಗೇನು ಕಷ್ಟ ಆತು, ಹೆಂಗ ಸರಿ ಮಾಡ್ಕೊಂಡಿ, ಇವನಿಗೆ ಹೇಳು" ಎನ್ನಿ. ಅವನ ಮಾತನ್ನು ನಿಮ್ಮ ಮಗ ನಿಮ್ಮ ಮಾತಿಗಿಂತ ಹೆಚ್ಚು ನಂಬುತ್ತಾನೆ.

ಕೊನೆಯದು, ತಲೆತಗ್ಗಿಸಿ ಮೆಲ್ಲಗೆ ಹೇಳಿದ ಮಾತು: "ನಾವೇ ಓದಿಲ್ಲರೀ. ನಾವೇನು ತಯಾರಿ ಮಾಡ್ಸೋದು?" ಗುಳೆ ಹೋಗಿ ಬರುವ ಮನೆಗಳಲ್ಲಿ ಈ ಮಾತಿನ ಜೊತೆ ಇನ್ನೊಂದೂ ಸೇರುತ್ತದೆ: "ಊರಾಗ ಇರೋದೇ ಆರು ತಿಂಗಳು."

ಓದದವರು ಮಾಡಲಾಗದ್ದನ್ನು ನಾನು ಇದುವರೆಗೆ ಒಂದೂ ಕೇಳಿಲ್ಲ. ಹುಡುಗ ದಿನಕ್ಕೊಂದು ಪುಟ ಗಟ್ಟಿಯಾಗಿ ಓದಲಿ, ಅಜ್ಜಿ ಕೇಳಲಿ. ಮುಗಿದ ಮೇಲೆ ಪುಸ್ತಕ ಮುಚ್ಚಿಸಿ, "ಏನು ಓದಿದಿ, ನಂಗ ಕತಿ ಹೇಳಿದಂಗ ಹೇಳು" ಎಂದು ಕೇಳಲಿ. ಹೇಳಲು ತಡವರಿಸಿದರೆ ಓದಿದ್ದು ತಲೆಗೆ ಹೋಗಿಲ್ಲ ಎಂದು ಅಕ್ಷರ ಬಾರದ ಅಜ್ಜಿಗೂ ತಿಳಿಯುತ್ತದೆ, ಇನ್ನೊಂದು ಸಲ ಓದಿಸಲಿ. ಸಂತೆಗೆ ಹೋದಾಗ ಲೆಕ್ಕ ಅವನ ಕೈಗೆ ಬಿಡಿ. ಈ ವಯಸ್ಸಿನ ಮಕ್ಕಳಿಗೆ ಒಂಬತ್ತರಿಂದ ಹನ್ನೆರಡು ಗಂಟೆ ನಿದ್ದೆ ಬೇಕು ಎಂದು ವೈದ್ಯರು ಹೇಳುತ್ತಾರೆ. ರಾತ್ರಿ ಒಂಬತ್ತಕ್ಕೆ ಮೊಬೈಲನ್ನು ಅವನ ಕೈಯಿಂದ ತೆಗೆದಿಡಲು ಯಾವ ಡಿಗ್ರಿಯೂ ಬೇಡ, ನಮ್ಮದನ್ನೂ ಕೆಳಗಿಡುವ ಮನಸ್ಸು ಬೇಕು.

ಗುಳೆ ಹೋಗುವವರು ಮಗನನ್ನು ಯಾರ ಮನೆಯಲ್ಲಿ ಬಿಡುತ್ತೀರಿ ಎಂಬುದನ್ನು ಹೆಡ್‌ಮಾಸ್ತರಿಗೆ ಹೇಳಿ ಹೋಗಿ, ಆ ಮನೆಯವರ ಫೋನ್ ನಂಬರು ಬರೆಸಿ. ಜೊತೆಗೆ ಕರೆದುಕೊಂಡೇ ಹೋಗುವುದಾದರೆ, ಹೋದ ಊರಿನ ಸರ್ಕಾರಿ ಶಾಲೆ ಅವನನ್ನು ಸೇರಿಸಿಕೊಳ್ಳಲೇಬೇಕು. ಟಿ.ಸಿ. ತಡವಾಯಿತು ಎಂಬ ಕಾರಣಕ್ಕೆ ದಾಖಲಾತಿ ನಿರಾಕರಿಸುವಂತಿಲ್ಲ, ತಡಮಾಡುವಂತೆಯೂ ಇಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ. ಯಾರಾದರೂ ವಾಪಸ್ಸು ಕಳಿಸಿದರೆ ಈ ಸೆಕ್ಷನ್ನಿನ ಹೆಸರು ಹೇಳಿ, ಒಪ್ಪದಿದ್ದರೆ ಬಿಇಒ ಕಚೇರಿಗೆ ಅರ್ಜಿ ಕೊಡಿ. ಅರ್ಜಿ ಬರೆದುಕೊಡುವ ಕೆಲಸ ನನ್ನದು.

ಮೇ ತಿಂಗಳ ಎಸ್‌ಡಿಎಂಸಿ ಸಭೆಯಲ್ಲಿ ಎರಡು ಬೇಡಿಕೆ ಇಡುತ್ತೇನೆ. ಆರನೇ ಕ್ಲಾಸಿನ ವೇಳಾಪಟ್ಟಿ ಮತ್ತು ಯಾವ ವಿಷಯಕ್ಕೆ ಯಾರು ಎಂಬ ಪಟ್ಟಿಯನ್ನು ಶಾಲೆ ಶುರುವಾಗುವ ಒಂದು ವಾರ ಮೊದಲೇ ಗೋಡೆಗೆ ಅಂಟಿಸಬೇಕು. ಐದಕ್ಕೇ ಮುಗಿಯುವ ಶಾಲೆಗಳ ಹುಡುಗರು ಮನೆಯವರೊಂದಿಗೆ ಬಂದು ತಮ್ಮ ಹೊಸ ಕೋಣೆ, ನೀರಿನ ನಲ್ಲಿ, ಶೌಚಾಲಯ ಎಲ್ಲಿದೆ ಎಂದು ನೋಡಿಕೊಂಡು ಹೋಗಲು ಒಂದು ಬೆಳಗ್ಗೆ ಗೇಟು ತೆರೆದಿಡಬೇಕು. ಇದಕ್ಕೂ ವಿರೋಧವಿದ್ದವರು ಸಭೆಗೇ ಬನ್ನಿ, ಅಲ್ಲೇ ಮಾತಾಡೋಣ.